ಮಳೆಗಾಲದಲ್ಲಿ ಜೋಳದ ದಿಂಡಿನ ಪೈಪು ಕೆಡುವುದೇಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಸಂಜೆ ಹೊತ್ತು ಪೈಪು ಸೇದುವ ಅಭ್ಯಾಸ ಹಳೆಯದು. ಅಮೆರಿಕದಲ್ಲಿರುವ ಭಾವ ಬೇಸಿಗೆಯಲ್ಲಿ ಬಂದಾಗ ಮೆಕ್ಕೆಜೋಳದ ದಿಂಡಿನಿಂದ ಮಾಡಿದ ಎರಡು ಪೈಪು ಕೊಟ್ಟು ಹೋದರು. ಮೇ ತಿಂಗಳವರೆಗೆ ಸೊಗಸಾಗಿದ್ದವು. ಮಳೆ ಹಿಡಿದ ಮೇಲೆ ಒಂದು ಪೈಪು ಗೊಳಗೊಳ ಅನ್ನುತ್ತದೆ, ಹುಳಿ ವಾಸನೆ ಹೊಡೆಯುತ್ತದೆ, ನಾಲಿಗೆ ಉರಿಯುತ್ತದೆ. ಇನ್ನೊಂದರ ತಳ ಕರಕಲಾಗಿ ಕಹಿ ಬರುತ್ತಿದೆ, ಬಾಯಿಗಿಡುವ ತುದಿ ಕಚ್ಚಿಕೊಂಡು ಬಿಚ್ಚಲು ಬರುತ್ತಿಲ್ಲ. ಇವನ್ನು ಎಸೆದು ದುಬಾರಿ ಮರದ ಪೈಪು ಕೊಳ್ಳಬೇಕೆ? ಶಿಕಾರಿಪುರದ ಮಾವನ ಮನೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಅಲ್ಲಿನ ದಿಂಡಿನಿಂದ ನಾವೇ ಒಂದು ಮಾಡಿಕೊಳ್ಳಬಹುದೆ?

ಉತ್ತರ: ನೀವು ಐದು ದೂರು ಹೇಳಿದ್ದೀರಿ. ತಳ ಕರಕಲಾದದ್ದನ್ನು ಬಿಟ್ಟರೆ ಉಳಿದ ನಾಲ್ಕಕ್ಕೂ ಕಾರಣ ನೀರು. ಕರಕಲಿನಲ್ಲೂ ನೀರಿನ ಕೈವಾಡ ಸ್ವಲ್ಪ ಇದೆ. ದುಬಾರಿ ಪೈಪು ಕೊಂಡರೂ ಈಗಿನ ರೀತಿಯಲ್ಲೇ ಸೇದಿದರೆ ಅದೂ ಗೊಳಗೊಳ ಅನ್ನುತ್ತದೆ. ಆದ್ದರಿಂದ ಸದ್ಯ ದುಡ್ಡು ಖರ್ಚು ಮಾಡಬೇಡಿ.

ದಿಂಡಿನ ಪೈಪಿನ ಗುಣವೆಲ್ಲ ಅದು ಹೀರಿಕೊಳ್ಳುವುದರಲ್ಲಿದೆ. ಹೊಗೆಸೊಪ್ಪು ಉರಿಯುವಾಗ ಅದರೊಳಗಿನ ತೇವ ಆವಿಯಾಗುತ್ತದೆ. ಉರಿಯುವ ಕ್ರಿಯೆಯಿಂದಲೂ ನೀರು ಹುಟ್ಟುತ್ತದೆ. ಈ ಆವಿ ತಣ್ಣಗಿನ ಕೊಳವೆಗೆ ಬಂದು ಹನಿಯಾಗುತ್ತದೆ. ದಿಂಡಿನ ಗೋಡೆ ಅದರಲ್ಲಿ ಒಂದು ಪಾಲನ್ನು ಹೀರಿ, ಆಮೇಲೆ ನಿಧಾನವಾಗಿ ಗಾಳಿಗೆ ಬಿಡುತ್ತದೆ. ಏಪ್ರಿಲ್‌ನಲ್ಲಿ ನಿಮ್ಮ ಪೈಪು ಒಂದು ರಾತ್ರಿಯಲ್ಲಿ ಒಣಗುತ್ತಿತ್ತು. ಜುಲೈನಲ್ಲಿ ಗೋಡೆಗೆ ನೇತುಹಾಕಿದ ಬಟ್ಟೆಯೇ ಒಣಗದ ನಿಮ್ಮ ಕಡೆಯ ಗಾಳಿಗೆ ದಿಂಡು ತೇವವನ್ನು ಬಿಡುವುದಾದರೂ ಹೇಗೆ? ಮೊನ್ನೆಯ ನೀರು ಒಳಗಿರುವಾಗಲೇ ಇವತ್ತಿನದು ಸೇರುತ್ತದೆ. ಹುಳಿ ವಾಸನೆ ಹುಟ್ಟುವುದು ಹೀಗೆ.

ಈ ಪೈಪು ಹೇಗೆ ಮಾಡಿದ್ದೆಂದು ತಿಳಿದಿದ್ದರೆ ದುರಸ್ತಿ ಸುಲಭ. ಅಮೆರಿಕದ ಮಿಸ್ಸೂರಿ ರಾಜ್ಯದ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಹೆನ್ರಿ ಟಿಬ್ಬಿ ಎಂಬ ಡಚ್ ಮೂಲದ ಮರಗೆಲಸದ ಕುಶಲಕರ್ಮಿ 1869ರಲ್ಲಿ ಇದನ್ನು ಲೇತಿಗೆ ಹಾಕಿ ಕಡೆಯಲು ಶುರುಮಾಡಿದ. ದಿಂಡಿನ ಹೊರಮೈಯ ಕುಳಿಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ತುಂಬಿ ಗಟ್ಟಿಮಾಡುವ ವಿಧಾನಕ್ಕೆ 1878ರಲ್ಲಿ ಪೇಟೆಂಟ್ ಸಿಕ್ಕಿತು. ಮೀರ್ಶಾಮ್ ಎಂಬ ಹಗುರ ಬಿಳಿ ಕಲ್ಲಿನ ಪೈಪಿನಷ್ಟೇ ತಣ್ಣಗೆ ಸೇದಬಹುದೆಂದು ತನ್ನ ಪೈಪಿಗೆ ಮಿಸ್ಸೂರಿ ಮೀರ್ಶಾಮ್ ಎಂದು ಹೆಸರಿಟ್ಟ. ಆ ಹೆಸರಿನ ಕಂಪನಿ ಅದೇ ಊರಿನಲ್ಲಿ ಇಂದಿಗೂ ನಡೆಯುತ್ತಿದೆ. ಎರಡನೇ ಮಹಾಯುದ್ಧದ ಅಮೆರಿಕನ್ ಸೇನಾಪತಿ ಜನರಲ್ ಡಗ್ಲಾಸ್ ಮೆಕ್‌ಆರ್ಥರ್ ಫೋಟೋಗಳಲ್ಲಿ ಕಾಣುವ ಎತ್ತರದ ಬಟ್ಟಲಿನ ಪೈಪು ಕೂಡ ದಿಂಡಿನದೇ. ಪೈಪಿಗೆಂದೇ ದಪ್ಪ ದಿಂಡಿನ ತಳಿ ಬೆಳೆದು, ಕಾಳು ಬಿಡಿಸಿದ ದಿಂಡನ್ನು ಎರಡು ವರ್ಷದ ಹತ್ತಿರ ಒಣಗಲು ಬಿಟ್ಟು ಆಮೇಲೆ ಕೊರೆಯುತ್ತಾರೆ. ಆ ಎರಡು ವರ್ಷವನ್ನು ನೆನಪಿಡಿ, ನಾವೇ ಮಾಡುವ ಮಾತು ಬಂದಾಗ ಬೇಕಾಗುತ್ತದೆ.

ಅಂದರೆ ನಿಮ್ಮ ಕೈಯಲ್ಲಿರುವುದು ಹೊಗೆಸೊಪ್ಪು ತುಂಬುವ ದಿಂಡಿನ ಬಟ್ಟಲು, ಅದರ ಮೇಲೆ ಪ್ಲಾಸ್ಟರು ಮತ್ತು ತೆಳು ವಾರ್ನಿಷ್, ಬಟ್ಟಲಿಗೆ ತೂರಿಸಿದ ಮರದ ಕೊಳವೆ, ಅದಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ತುದಿ, ಅದರೊಳಗೆ 6 ಮಿಲಿಮೀಟರ್ ದಪ್ಪದ ಕಾಗದದ ಫಿಲ್ಟರ್. ದಿಂಡು, ಪ್ಲಾಸ್ಟರು, ಮರ, ಕಾಗದ ನಾಲ್ಕೂ ನೀರು ಕುಡಿಯುತ್ತವೆ. ಹಾಗಾಗಿ ಪೈಪನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುವ ಮಾತೇ ಇಲ್ಲ. ಮರದ ಪೈಪಿಗೆ ಮಾಡುವಂತೆ ಬಟ್ಟಲಿಗೆ ಉಪ್ಪು ತುಂಬಿ ಮದ್ಯಸಾರ ಸುರಿಯುವುದೂ ಇದಕ್ಕೆ ಬೇಡ. ಉಪ್ಪು ದಿಂಡಿನೊಳಗೆ ಇಳಿದು ಕೂತರೆ ಮತ್ತಷ್ಟು ತೇವ ಎಳೆಯುತ್ತದೆ, ಗೋಡೆ ಬಿರಿಯುತ್ತದೆ.

ಮೊದಲು ಕಚ್ಚಿಕೊಂಡ ತುದಿ. ಮರ ಉಬ್ಬಿ ಪ್ಲಾಸ್ಟಿಕ್ಕನ್ನು ಹಿಡಿದಿದೆ. ನೆನೆದ ಫಿಲ್ಟರ್ ಒಳಗಿದ್ದರೆ ಅದೂ ಉಬ್ಬಿರುತ್ತದೆ. ಇಕ್ಕಳ ಹಾಕಬೇಡಿ. ಎರಡು ದಿನ ಪೈಪನ್ನು ಬೆಚ್ಚಗಿನ ಒಣ ಜಾಗದಲ್ಲಿಡಿ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ 15–20 ನಿಮಿಷ ಇಡಿ. ತಂಪಿಗೆ ಪ್ಲಾಸ್ಟಿಕ್ ಮರಕ್ಕಿಂತ ಹೆಚ್ಚು ಕುಗ್ಗುತ್ತದೆ. ಹೊರತೆಗೆದ ಕೂಡಲೇ ಒಂದು ಕೈಯಲ್ಲಿ ಮರದ ಕೊಳವೆಯನ್ನೇ ಹಿಡಿದು (ಬಟ್ಟಲನ್ನು ಹಿಡಿದರೆ ಕೊಳವೆ ಬಟ್ಟಲಿನಿಂದ ಕಿತ್ತು ಬರುತ್ತದೆ), ಇನ್ನೊಂದು ಕೈಯಿಂದ ತುದಿಯನ್ನು ಒಂದೇ ದಿಕ್ಕಿಗೆ ತಿರುಪುತ್ತ ಎಳೆಯಿರಿ. ಬಿಚ್ಚಿದ ಮೇಲೆ ಸೇರುವ ಭಾಗಕ್ಕೆ ಮೆತ್ತನೆಯ ಪೆನ್ಸಿಲ್ಲಿನ ಸೀಸವನ್ನು ಸುತ್ತಲೂ ಉಜ್ಜಿ. ಮತ್ತೆ ಕಚ್ಚುವುದಿಲ್ಲ. ಮುಂದೆ ಪೈಪು ಬಿಸಿಯಿರುವಾಗ ತುದಿ ಬಿಚ್ಚಬೇಡಿ, ಸೇದಿ ಮುಗಿದ ಅರ್ಧ ಗಂಟೆಗೆ ಬಿಚ್ಚಿ ಫಿಲ್ಟರ್ ಎಸೆಯಿರಿ. ಬೇಸಿಗೆಯಲ್ಲಿ ಒಂದು ಫಿಲ್ಟರನ್ನು ಎರಡು ಮೂರು ಸಲ ಬಳಸಬಹುದು, ಮಳೆಗಾಲದಲ್ಲಿ ಒಂದೇ ಸಲ. ಬೆಳಗ್ಗೆ ನೋಡಿದರಾಯಿತು ಎಂದು ಒಳಗೇ ಬಿಟ್ಟದ್ದರ ಫಲವೇ ಈಗಿನದು.

ಕರಕಲಾದ ತಳಕ್ಕೆ ಬರೋಣ. ಅಗ್ಗದ ಮಾದರಿಗಳಲ್ಲಿ ಮರದ ಕೊಳವೆಯ ತುದಿ ಬಟ್ಟಲಿನೊಳಕ್ಕೆ ಚಾಚಿಕೊಂಡಿರುತ್ತದೆ. ಮೊದಲ ಕೆಲವು ಸಲ ಆ ಮರದ ಮೂತಿ ಸುಟ್ಟು ಕಹಿ ಬರುವುದು ಸಹಜ, ಅಷ್ಟಕ್ಕೆ ಗಾಬರಿ ಬೇಡ. ಆದರೆ ಕೊಳವೆಗಿಂತ ಕೆಳಗಿರುವ ತಳದಲ್ಲಿ ದಿಂಡಿನ ಮೆತ್ತನೆಯ ತಿರುಳಿದೆ. ಕೊನೆಯ ಚೂರು ಹೊಗೆಸೊಪ್ಪನ್ನೂ ಬಿಡಬಾರದೆಂದು ಜೋರಾಗಿ ಎಳೆದರೆ ಕೆಂಡ ಅಲ್ಲಿಗೆ ಇಳಿದು ತಿರುಳನ್ನು ತಿನ್ನುತ್ತದೆ. ಇನ್ನು ಸ್ವಲ್ಪ ಬೆಲೆಯ ಮಾದರಿಗಳಲ್ಲಿ ತಳಕ್ಕೆ ಗಟ್ಟಿ ಮರದ ಬಿರಡೆ ಹಾಕಿರುತ್ತಾರೆ. ಮುಂದೆ ತರಿಸುವುದಾದರೆ ಅಂಥದ್ದನ್ನೇ ಕೇಳಿ. ಬೆರಳಿನಿಂದ ತಳವನ್ನು ಹೊರಗಿನಿಂದ ಒತ್ತಿ ನೋಡಿ. ಮೆತ್ತಗೆ ಕುಸಿದರೆ, ಅಥವಾ ಹೊರಗೆ ಕಂದು ಕಲೆ ಕಂಡರೆ, ಆ ಪೈಪಿನ ಆಯುಷ್ಯ ಮುಗಿಯಿತು. ಗಟ್ಟಿಯಿದ್ದರೆ ಉಳಿಸಬಹುದು.

ಉಳಿಸುವ ಕ್ರಮ ಹೀಗೆ. ಮೊಂಡು ಚಾಕುವಿನಿಂದ ಸಡಿಲ ಕರಕಲನ್ನಷ್ಟೇ ಕೆರೆದು ಉದುರಿಸಿ. ಪೈಪಿನದೇ ಬಿಳಿ ಬೂದಿಯನ್ನು ನಾಲ್ಕಾರು ದಿನ ಕೂಡಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಒಂದು ಟೀ ಚಮಚ ಬೂದಿಗೆ ಹನಿ ಹನಿಯಾಗಿ ನೀರು ಬೆರೆಸಿ ಚಪಾತಿ ಹಿಟ್ಟಿಗಿಂತ ತುಸು ಮೆದುವಾದ ಮುದ್ದೆ ಮಾಡಿ. ಕೊಳವೆಯ ರಂಧ್ರ ಮುಚ್ಚದಂತೆ ಒಂದು ಕಡ್ಡಿ ತೂರಿಸಿಟ್ಟು, ಮುದ್ದೆಯನ್ನು ತಳಕ್ಕೆ ಹಾಕಿ ರಂಧ್ರದ ಕೆಳ ಅಂಚಿನವರೆಗೆ ಒತ್ತಿ ಸಮ ಮಾಡಿ. ಬೇಸಿಗೆಯಲ್ಲಾದರೆ ಒಂದೆರಡು ದಿನಕ್ಕೆ ಒಣಗುತ್ತದೆ, ನಿಮ್ಮಲ್ಲಿ ಈಗ ನಾಲ್ಕು ದಿನ ಬೇಕು. ಹಸಿಯಿರುವಾಗ ಹಚ್ಚಿದರೆ ಮುದ್ದೆ ಬಿರುಕು ಬಿಟ್ಟು ಎದ್ದು ಬರುತ್ತದೆ. ಒಲೆಯ ಬೂದಿ ಬಳಸಬೇಡಿ, ಅದರ ಕ್ಷಾರ ಹೆಚ್ಚು. ಕೆಲವರು ಹೊಸ ಬಟ್ಟಲಿನ ಒಳಗೆ ಜೇನುತುಪ್ಪ ಸವರಲು ಹೇಳುತ್ತಾರೆ. ಮಲೆನಾಡಿನಲ್ಲಿ ಒಳ್ಳೆಯ ಜೇನಿಗೆ ಬರವಿಲ್ಲ, ಆದರೂ ಬೇಡ. ಜೇನು ಗಾಳಿಯ ತೇವ ಎಳೆಯುತ್ತದೆ, ಇರುವೆ ಕರೆಯುತ್ತದೆ, ಸುಟ್ಟಾಗ ಕಹಿಯಾಗುತ್ತದೆ.

ಗೊಳಗೊಳ ಎನ್ನುವ ಪೈಪಿನಲ್ಲಿ ಬೂಷ್ಟು ಬಂದಿದೆಯೇ ನೋಡಿ. ಒಳಗೋಡೆಯಲ್ಲಿ ಬಿಳಿ ಅಥವಾ ಹಸಿರು ನೂಲಿನಂಥದ್ದು ಕಂಡರೆ ಎಸೆಯಿರಿ. ಮಿದುವಾದ ದಿಂಡಿನ ಒಳಗೆ ಇಳಿದ ಬೂಷ್ಟನ್ನು ಪೂರ್ತಿ ತೆಗೆಯಲಾಗದು. ಅಮೆರಿಕದಲ್ಲಿ ಹತ್ತು ಡಾಲರ್ ಆಸುಪಾಸಿನ ಸಾಮಾನಿಗಾಗಿ ಆ ಹೊಗೆಯನ್ನು ಬಾಯಿಗೆ ತೆಗೆದುಕೊಳ್ಳುವುದು ಸಲ್ಲದು. ಬೂಷ್ಟಿಲ್ಲದೆ ಬರೀ ಹುಳಿ ವಾಸನೆಯಿದ್ದರೆ, ಕೊಳವೆಗೆ ಮಾತ್ರ ರಮ್ಮಿನಲ್ಲಿ ಅದ್ದಿ ಹಿಂಡಿದ ಪೈಪು ಕಡ್ಡಿ ಆಡಿಸಿ, ಆಮೇಲೆ ಒಣ ಕಡ್ಡಿ ಆಡಿಸಿ. ಔಷಧಿ ಅಂಗಡಿಯ ಸ್ಪಿರಿಟ್ ಬೇಡ, ಅದು ಕುಡಿಯಲು ತಕ್ಕದ್ದಲ್ಲ, ಬಾಯಿಗೆ ಹೋಗುವ ಕೊಳವೆಗೂ ತಕ್ಕದ್ದಲ್ಲ. ಪೈಪು ಕಡ್ಡಿ ಅಂದರೆ ತೆಳು ತಂತಿಗೆ ಹತ್ತಿ ಸುತ್ತಿದ್ದು. ಶಿವಮೊಗ್ಗದಲ್ಲಿ ಸಿಗದಿದ್ದರೆ ಹುಂಜದ ಉದ್ದನೆಯ ಗರಿಯನ್ನು ತೊಳೆದು ಒಣಗಿಸಿ ಬಳಸಿ. ಹಳೆಯ ಕಾಲದಿಂದ ಬಂದ ಉಪಾಯ, ತಂತಿಗಿಂತ ಮೃದು. ಸೇದುವಾಗಲೇ ಗೊಳಗೊಳ ಶುರುವಾದರೆ ತುದಿ ಬಿಚ್ಚದೆ, ತುದಿಯ ರಂಧ್ರದಿಂದಲೇ ಕಡ್ಡಿ ಅಥವಾ ಗರಿ ತೂರಿಸಿ ನೀರು ಹೀರಿಸಿ. ಫಿಲ್ಟರ್ ಇದ್ದರೆ ಕಡ್ಡಿ ಮುಂದೆ ಹೋಗುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಫಿಲ್ಟರ್ ಇಲ್ಲದೆ ಸೇದುವುದು ಮೇಲು.

ಈಗ ಮುಖ್ಯ ವಿಷಯ, ಸೊಪ್ಪು. ಪೈಪಿಗಿಂತ ದೊಡ್ಡ ತಪ್ಪಿತಸ್ಥ ಅದೇ. ಸುವಾಸನೆ ಬೆರೆಸಿದ ಪೈಪು ಸೊಪ್ಪಿನಲ್ಲಿ ಒಣಗದಂತೆ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವ ಹಾಕಿರುವುದುಂಟು. ಅದು ಎಷ್ಟು ಹರಡಿಟ್ಟರೂ ಜಿಗುಟು ಬಿಡುವುದಿಲ್ಲ. ಮಲೆನಾಡಿನ ಮಳೆಗಾಲಕ್ಕೆ ಇಂಥ ಸೊಪ್ಪು ಆಗಿಬರುವುದಿಲ್ಲ. ದಿಂಡಿಗೆ ಅತ್ಯಂತ ಹೊಂದುವುದು ಬರ್ಲಿ ಜಾತಿಯ ಸೊಪ್ಪು. ಸಕ್ಕರೆ ಅಂಶ ಕಡಿಮೆ, ನಿಧಾನ ಉರಿಯುತ್ತದೆ, ದಿಂಡಿನ ಸಣ್ಣ ಸಿಹಿಯನ್ನು ಮುಚ್ಚುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ವರ್ಜೀನಿಯಾದಲ್ಲಿ ಸಕ್ಕರೆ ಹೆಚ್ಚು. ರುಚಿ ಚೆನ್ನ, ಆದರೆ ಅವಸರದಿಂದ ಎಳೆದರೆ ನಾಲಿಗೆಯನ್ನು ಮೊದಲು ಸುಡುವುದೂ ಅದೇ. ಎಲೆಅಡಿಕೆಗೆ ಹಾಕುವ ಹೊಗೆಸೊಪ್ಪನ್ನಾಗಲಿ ಬೀಡಿಯ ಪುಡಿಯನ್ನಾಗಲಿ ಪೈಪಿಗೆ ತುಂಬಬೇಡಿ. ಪುಡಿ ರಂಧ್ರಕ್ಕೆ ಇಳಿಯುತ್ತದೆ. ತಿನ್ನುವ ಸೊಪ್ಪಿನ ಕಟುವಿಗೆ ತಲೆ ತಿರುಗಿ, ತಣ್ಣನೆ ಬೆವರು ಬಂದು, ವಾಂತಿಯಾಗಬಹುದು. ಹಾಗೆ ಅನ್ನಿಸಿದರೆ ಕೂಡಲೇ ನಿಲ್ಲಿಸಿ ಗಾಳಿಯಲ್ಲಿ ಕೂತುಕೊಳ್ಳಿ.

ಸೊಪ್ಪನ್ನು ಒಣಗಿಸಲು ಕಾಗದದ ಮೇಲೆ ಅರ್ಧ ಗಂಟೆ ಹರಡಿ ಎಂದು ಎಲ್ಲರೂ ಹೇಳುತ್ತಾರೆ. ಅದು ಒಣ ಊರಿನ ಮಾತು. ನಿಮ್ಮಲ್ಲಿ ಜುಲೈ ತಿಂಗಳಲ್ಲಿ ಹರಡಿಟ್ಟರೆ ಸೊಪ್ಪು ಇನ್ನಷ್ಟು ತೇವ ಎಳೆದುಕೊಳ್ಳುತ್ತದೆ. ದೋಸೆ ಕಾವಲಿಯನ್ನು ಅಂಗೈ ತಡೆಯುವಷ್ಟು ಮಾತ್ರ ಬಿಸಿಮಾಡಿ, ಒಲೆಯಿಂದ ಇಳಿಸಿ, ಮೇಲೆ ಕಾಗದ ಹಾಸಿ, ಒಂದು ಬಟ್ಟಲಿಗೆ ಸಾಕಾಗುವ 2–3 ಗ್ರಾಂ ಸೊಪ್ಪನ್ನು ತೆಳುವಾಗಿ ಹರಡಿ. ಐದು ನಿಮಿಷಕ್ಕೊಮ್ಮೆ ಪರೀಕ್ಷಿಸಿ. ಎರಡು ಬೆರಳಲ್ಲಿ ಹಿಂಡಿ ಬಿಟ್ಟಾಗ ಮುದ್ದೆಯಾಗಿ ಉಳಿದರೆ ಇನ್ನೂ ಹಸಿ. ತಾನಾಗಿ ಬಿಚ್ಚಿಕೊಂಡರೆ ಹದ. ಪುಡಿಯಾದರೆ ಹೆಚ್ಚಾಯಿತು, ಉರಿ ಜೋರಾಗುತ್ತದೆ. ಉಳಿದ ಸೊಪ್ಪು ರಬ್ಬರ್ ಉಂಗುರದ ಗಾಜಿನ ಬಾಟಲಿಯಲ್ಲಿರಲಿ. ವಾರಕ್ಕೆ ಬೇಕಾದಷ್ಟನ್ನು ಬೇರೆ ಸಣ್ಣ ಬಾಟಲಿಗೆ ತೆಗೆದುಕೊಳ್ಳಿ, ದೊಡ್ಡದನ್ನು ಪದೇ ಪದೇ ತೆರೆಯಬೇಡಿ.

ತುಂಬುವುದು ಮೂರು ಸಲ. ಮೊದಲು ಬಟ್ಟಲು ತುಂಬ ಸಡಿಲವಾಗಿ ಉದುರಿಸಿ, ಅರ್ಧಕ್ಕೆ ಇಳಿಯುವಂತೆ ಮೆಲ್ಲಗೆ ಒತ್ತಿ. ಮತ್ತೆ ತುಂಬಿ, ಮುಕ್ಕಾಲಿಗೆ ಇಳಿಸಿ. ಮೂರನೆಯದನ್ನು ತುಸು ಬಿಗಿಯಾಗಿ, ಅಂಚಿಗಿಂತ ಕೂದಲೆಳೆ ಕೆಳಗೆ. ಹಚ್ಚುವ ಮೊದಲು ಎಳೆದು ನೋಡಿ. ಎಳನೀರಿಗೆ ಹಾಕಿದ ಕೊಳವೆಯಲ್ಲಿ ನೀರು ಬರುವಷ್ಟೇ ಸಲೀಸು ಇರಬೇಕು. ಬಿಗಿ ಅನ್ನಿಸಿದರೆ ಕಡ್ಡಿಯಿಂದ ಕುಕ್ಕಿ ಸರಿಮಾಡಲು ಹೋಗದೆ ಪೂರ್ತಿ ಸುರಿದು ಮತ್ತೆ ತುಂಬಿ. ಬೆಂಕಿಕಡ್ಡಿಯ ಮದ್ದು ಸುಟ್ಟು ಮುಗಿಯುವವರೆಗೆ ಎರಡು ಕ್ಷಣ ಕಾದು, ಜ್ವಾಲೆಯನ್ನು ಸೊಪ್ಪಿನ ಮೇಲೆ ಸುತ್ತಲೂ ಆಡಿಸಿ. ಸೊಪ್ಪು ಉಬ್ಬಿ ಮೇಲೇಳುತ್ತದೆ, ಆರುತ್ತದೆ. ಅದನ್ನು ಹಗುರವಾಗಿ ಒತ್ತಿ ಎರಡನೆಯ ಸಲ ಹಚ್ಚಿ, ಆಗ ಹಿಡಿಯುತ್ತದೆ. ಒತ್ತಲು ಮೂರು ಇಂಚಿನ ಮೊಳೆಯ ತಲೆ ಸಾಕು. ಅಡಿಕೆ ದಬ್ಬೆಯ ಚೂರನ್ನು ನಯವಾಗಿ ಕೆತ್ತಿಕೊಂಡರೆ ಇನ್ನೂ ಚೆಂದ. ಜೋರು ಜ್ವಾಲೆಯ ಗ್ಯಾಸ್ ಲೈಟರ್ ದಿಂಡಿನ ಅಂಚನ್ನು ಸುಡುತ್ತದೆ.

ಆಮೇಲೆ ಎಳೆಯುವ ವೇಗ. ಬಿಸಿ ಕಾಫಿಯನ್ನು ಗುಟುಕರಿಸುವಂತೆ ಸಣ್ಣ ಸಣ್ಣದಾಗಿ, ನಡುವೆ ಬಿಡುವು ಕೊಟ್ಟು. ಬಟ್ಟಲನ್ನು ಕೆನ್ನೆಗೆ ತಾಗಿಸಿ ನೋಡಿ, ಇಡಲಾಗದಷ್ಟು ಬಿಸಿಯಿದ್ದರೆ ಕೆಳಗಿಟ್ಟುಬಿಡಿ. ಆರಿಹೋದರೆ ಮತ್ತೆ ಹಚ್ಚಬಹುದು, ಅದೇನು ಸೋಲಲ್ಲ. ಆರದಿರಲಿ ಎಂದು ಎಳೆಯುತ್ತಲೇ ಇರುವುದರಿಂದಲೇ ನಾಲಿಗೆ ಉರಿ, ತಳ ಕರಕಲು, ಹೆಚ್ಚು ಆವಿ ಮೂರೂ ಬರುವುದು. ಗಾಳಿ ಬೀಸುವ ತೋಟದಲ್ಲಿ, ಬೈಕಿನ ಮೇಲೆ ಸೇದಿದರೂ ಅಷ್ಟೇ, ಗಾಳಿಯೇ ತಿದಿ ಒತ್ತುತ್ತದೆ. ಕೊನೆಯ ಅರ್ಧ ಬೆರಳಿನ ಅಗಲದಷ್ಟು ಸೊಪ್ಪು ನೆನೆದಿರುತ್ತದೆ, ಅದನ್ನು ಬಿಟ್ಟುಬಿಡಿ.

ಇಲ್ಲೊಂದು ಮಾತು ಹೇಳದಿದ್ದರೆ ಉತ್ತರ ಪ್ರಾಮಾಣಿಕವಾಗದು. ಪೈಪಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ ನಿಜ, ಆದರೆ ಅದರಿಂದ ತುಟಿ, ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲ. ದಿಂಡಾಗಲಿ ಫಿಲ್ಟರಾಗಲಿ ಅದನ್ನು ಸೋಸುವುದಿಲ್ಲ. ನಮ್ಮಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ: ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಎಲೆಅಡಿಕೆ ಹಾಕುವ ಬಾಯಿಗೆ ಹೊಗೆಯೂ ಸೇರಿದರೆ ಅಪಾಯ ಹೆಚ್ಚು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೆ ತಡಮಾಡದೆ ದಂತವೈದ್ಯರಿಗೆ ತೋರಿಸಿ. ಸೇದದವರು ಈ ಬರಹ ಓದಿ ಶುರುಮಾಡುವುದು ಬೇಡವೇ ಬೇಡ.

ಮಳೆಗಾಲದಲ್ಲಿ ಒಂದು ಪೈಪನ್ನು ಸೇದಿದ ಮೇಲೆ ಕನಿಷ್ಠ ಮೂರು ದಿನ ಮುಟ್ಟಬೇಡಿ. ಬೂದಿ ಸುರಿದು, ತುದಿ ಬಿಚ್ಚಿ, ಎರಡನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಡಬ್ಬಿಯ ತಳದಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಕಾಳು ಇರಲಿ, ಸಿಗದಿದ್ದರೆ ಬಿಸಿಯಾಗಿ ಹುರಿದು ಆರಿಸಿದ ಅಕ್ಕಿ ಎರಡು ಹಿಡಿ. ಅಕ್ಕಿಯನ್ನು ಎರಡು ದಿನಕ್ಕೊಮ್ಮೆ ಮತ್ತೆ ಹುರಿಯಬೇಕು. ಒಲೆಯ ಮೇಲಿನ ಅಟ್ಟದಲ್ಲಿಡುವ ಆಸೆ ಬರುತ್ತದೆ, ಬೇಡ. ಅಡುಗೆ ಹೊಗೆಯ ಘಾಟನ್ನು ದಿಂಡು ಹೀರಿಕೊಂಡರೆ ಆಮೇಲೆ ಬಿಡುವುದಿಲ್ಲ. ನೇರ ಕೆಂಡದ ಕಾವಿಗೆ ವಾರ್ನಿಷ್ ಗುಳ್ಳೆ ಏಳುತ್ತದೆ, ಪ್ಲಾಸ್ಟರು ಸೀಳುತ್ತದೆ. ಬಿಸಿಲು ಬಿದ್ದ ದಿನ ಒಂದು ಗಂಟೆ ಅಂಗಳದಲ್ಲಿಟ್ಟರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಒಳಗೋಡೆಗೆ ಕಟ್ಟುವ ಕರಿ ಪದರ ಒಂದು ಮಿಲಿಮೀಟರ್ ದಾಟದಂತೆ ನೋಡಿಕೊಳ್ಳಿ. ದಿಂಡಿಗೆ ದಪ್ಪ ಪದರ ಬೇಕಿಲ್ಲ, ಅದು ಹೀರುವ ಗೋಡೆಯನ್ನೇ ಮುಚ್ಚುತ್ತದೆ.

ಇನ್ನು ಶಿಕಾರಿಪುರದ ದಿಂಡು. ಮಾಡಬಹುದು, ಆದರೆ ಕಾರ್ಖಾನೆಯ ಪೈಪಿನ ಬಾಳಿಕೆ ನಿರೀಕ್ಷಿಸಬೇಡಿ. ಹೆಚ್ಚು ಕಾಳು, ಸಣ್ಣ ದಿಂಡು ಇರುವ ಹೈಬ್ರಿಡ್‌ಗಳೇ ಈಗ ಹೊಲದಲ್ಲಿರುವುದು, ಆದ್ದರಿಂದ ಗೋಡೆಗೆ ದಪ್ಪ ಸಿಗುವುದಿಲ್ಲ. ಅಡ್ಡಳತೆ 30 ಮಿಲಿಮೀಟರಿಗೆ ಕಡಿಮೆಯಿಲ್ಲದ, ಪೂರ್ತಿ ಬಲಿತ ತೆನೆಯ ಬುಡದ ಭಾಗ ಆರಿಸಿ. ಮದ್ದು ಹೊಡೆಯದ ಗಿಡದ್ದೇ ಆಗಬೇಕು. ಭಾರತದಲ್ಲಿ ಫಾಲ್ ಸೈನಿಕ ಹುಳು 2018ರಲ್ಲಿ ಮೊದಲು ಪತ್ತೆಯಾದದ್ದೇ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ. ಅಂದಿನಿಂದ ಸುಳಿಗೆ ಕೀಟನಾಶಕ ಹಾಕುವುದು ವಾಡಿಕೆಯಾಗಿದೆ. ದಾಸ್ತಾನಿನ ಕೋಣೆಯಲ್ಲಿ ಹುಳು ಕೊಲ್ಲುವ ಗುಳಿಗೆ ಇಟ್ಟಿದ್ದರೆ ಅಲ್ಲಿನ ದಿಂಡೂ ಬೇಡ. ಹಿತ್ತಿಲಲ್ಲಿ ನಾಲ್ಕು ಗಿಡ ಬೇರೆಯಾಗಿ ಬೆಳೆಸಿಕೊಳ್ಳುವುದೇ ನೆಮ್ಮದಿ. ಕಾಳು ಬಿಡಿಸಿ ನೆರಳಿನಲ್ಲಿ ಒಂದು ಬೇಸಿಗೆಯಾದರೂ ಪೂರ್ತಿ ಒಣಗಲಿ. ಅಲ್ಲಿ ಎರಡು ವರ್ಷ ಕಾಯುತ್ತಾರೆ ಎಂದೆನಲ್ಲ, ಹಸಿ ದಿಂಡು ಕೊರೆದ ಮೇಲೆ ಕುಗ್ಗಿ ಬಿರುಕು ಬಿಡುತ್ತದೆ.

50 ಮಿಲಿಮೀಟರ್ ಉದ್ದಕ್ಕೆ ಗರಗಸದಿಂದ ಕತ್ತರಿಸಿ. ತಿರುಳನ್ನು ಮೇಲಿನಿಂದ 35 ಮಿಲಿಮೀಟರ್ ಆಳ, 16 ಮಿಲಿಮೀಟರ್ ಅಗಲಕ್ಕೆ ತೋಡಿ. ಸುತ್ತ ಕನಿಷ್ಠ 7, ತಳದಲ್ಲಿ 15 ಮಿಲಿಮೀಟರ್ ಉಳಿಯಬೇಕು. ತಳಕ್ಕೆ ಆಗಲೇ ಹೇಳಿದ ಬೂದಿ ಮುದ್ದೆ ಒತ್ತಿ. ಹೊರಗಿನ ಕುಳಿಗಳಿಗೆ ಪ್ಲಾಸ್ಟರು ತುಂಬಿ, ಒಂದು ವಾರ ಬಿಟ್ಟು ಉಪ್ಪುಕಾಗದದಿಂದ ಉಜ್ಜಿ. ಒಳಗೆ ಪ್ಲಾಸ್ಟರು, ಬಣ್ಣ, ವಾರ್ನಿಷ್ ಯಾವುದೂ ಬೇಡ. ಕೊಳವೆಗೆ ಒಣಗಿದ ತೆಳು ವಾಟೆ ಬಿದಿರಿನ ತುಂಡು, ಐದು ಇಂಚು ಉದ್ದ, ಒಳರಂಧ್ರ 3–4 ಮಿಲಿಮೀಟರ್. ಬಟ್ಟಲಿನೊಳಗಿನ ತಳಕ್ಕೆ ಸರಿಯಾಗಿ ತೂತು ಬೀಳುವಂತೆ ಪಕ್ಕದಿಂದ ಕೊರೆದು, ವಾಟೆಯ ತುದಿಯನ್ನು ತುಸು ಚೂಪು ಮಾಡಿ ಬಿಗಿಯಾಗಿ ತಿರುಪಿ ಕೂರಿಸಿ. ಅಂಟು ಬೇಡ, ಕಾದಾಗ ಅದರ ಆವಿ ಬಾಯಿಗೆ ಬರುತ್ತದೆ. ಕೈಗೆ ಸಿಕ್ಕಿದ ಗಿಡದ ಕಡ್ಡಿಯನ್ನು ಕೊಳವೆ ಮಾಡಬೇಡಿ. ಕಣಗಿಲೆಯಂತೂ ನಂಜು, ಅದರ ಹತ್ತಿರ ಸುಳಿಯಬೇಡಿ.

ದುಬಾರಿ ಪೈಪಿನ ಬಗ್ಗೆ ಕೇಳಿದ್ದಿರಿ. ಮೆಡಿಟರೇನಿಯನ್ ತೀರದ ಬ್ರಯರ್ ಪೊದೆಯ ಬೇರುಗಂಟಿನಿಂದ ಮಾಡುವ ಆ ಪೈಪು ದಶಕಗಟ್ಟಲೆ ಬರುತ್ತದೆ, ಮಳೆಯನ್ನೂ ಇದಕ್ಕಿಂತ ಚೆನ್ನಾಗಿ ತಾಳುತ್ತದೆ. ಆದರೆ ಅದರ ದುಡ್ಡಿಗೆ ನಾಲ್ಕೈದು ದಿಂಡಿನ ಪೈಪು ಬರುತ್ತವೆ. ಪ್ರತಿ ಪೈಪಿಗೂ ಮೂರು ದಿನ ಬಿಡುವು ಸಿಗುವಂತೆ ಸರದಿ ಹಾಕಲು ಬೇಕಾದದ್ದೂ ಅದೇ. ಬೇರೆ ಬೇರೆ ಸೊಪ್ಪಿಗೆ ಬೇರೆ ಬೇರೆ ಪೈಪು ಮೀಸಲಿಟ್ಟರೆ ಒಂದರ ರುಚಿ ಇನ್ನೊಂದಕ್ಕೆ ಅಂಟುವುದೂ ಇಲ್ಲ. ನನ್ನ ತೀರ್ಪು ದಿಂಡಿನ ಪರವಾಗಿಯೇ ಇದೆ.

ಫೆಬ್ರವರಿ ಬಂದಾಗ ಲೆಕ್ಕ ತಿರುಗುತ್ತದೆ. ಆಗ ಸೊಪ್ಪು ಪುಡಿಯಾಗುವಷ್ಟು ಒಣಗಿದರೆ, ಹೊಸ ಮಡಕೆಯ ಚೂರೊಂದನ್ನು ನೀರಲ್ಲಿ ನೆನೆಸಿ, ಒರೆಸಿ, ಬಾಟಲಿಯಲ್ಲಿ ಒಂದು ರಾತ್ರಿ ಇಟ್ಟು ಬೆಳಗ್ಗೆ ತೆಗೆದುಬಿಡಿ. ಆಲೂಗಡ್ಡೆ, ಹಣ್ಣಿನ ಸಿಪ್ಪೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ತೋಟದ ತರಗೆಲೆ, ಗೊಬ್ಬರಕ್ಕೆ ಸೊಪ್ಪು ತರುವ ಬೆಟ್ಟ ಒಂದು ಕಿಡಿಗೆ ಕಾದಿರುತ್ತವೆ. ಬಟ್ಟಲಿನ ತಳದ ಕೆಂಡ ಹೊರಗೆ ಬೂದಿ ಕಂಡರೂ ಒಳಗೆ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಪೈಪನ್ನು ಯಾವಾಗಲೂ ನೀರು ಹಾಕಿದ ತಗಡಿನ ಡಬ್ಬಿಗೇ ಕೊಡವಿ.